ಸೂಜಿಗೆ ಹೆದರಿದವರೋ, ಪಟ್ಟಿಗೆ ಹೆದರಿದವರೋ?

ಲಸಿಕೆಯನ್ನು ಕುರಿತ ಸಂವಾದ ಕಾರ್ಯಕ್ರಮಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಉಚಿತವಾಗಿ ಕೊಟ್ಟರೂ ಕೆಲವರು ಏಕೆ ಹಾಕಿಸಿಕೊಳ್ಳುವುದಿಲ್ಲ?" ಅದಕ್ಕೆ ನಾವು ಸಿದ್ಧಪಡಿಸಿಟ್ಟುಕೊಂಡ ಉತ್ತರವೂ ಒಂದಿದೆ: ಅಜ್ಞಾನ, ಮೂಢನಂಬಿಕೆ. ಇಂಥ ಕಾರ್ಯಕ್ರಮಗಳಿಗೆ ನಿರೂಪಣೆ ಬರೆಯುವಾಗ ನಾನೂ ಈ ಎರಡು ಪದಗಳನ್ನು ಎಷ್ಟೋ ಸಲ ಬಳಸಿದ್ದೇನೆ. ವಿಜ್ಞಾನ ಓದಿಕೊಂಡವರಿಗೆ ಅವು ಬಹಳ ಸುಲಭವಾಗಿ ಕೈಗೆ ಸಿಗುವ ಪದಗಳು. ಆದರೆ ಮನೆಮಠ ಬಿಟ್ಟು ಗಡಿ ದಾಟಿ ಬಂದ ನಿರಾಶ್ರಿತರ ಚರಿತ್ರೆಯನ್ನು ಓದುತ್ತ ಹೋದಂತೆ ಈ ಉತ್ತರ ಸಾಲದು ಎಂಬುದು ಮನವರಿಕೆಯಾಗುತ್ತದೆ. ಅರ್ಧ ಗಂಟೆಯ ಸಂವಾದದಲ್ಲಿ ಇದನ್ನು ಬಿಡಿಸಿ ಹೇಳಲು ಅವಕಾಶವಿರುವುದಿಲ್ಲ. ಆದ್ದರಿಂದ ಕಳೆದ ಐವತ್ತು ವರ್ಷಗಳ ಕೆಲವು ಘಟನೆಗಳನ್ನು ಈ ಪುಟಗಳಲ್ಲಿ ಓದುಗರ ಮುಂದಿಡುತ್ತಿದ್ದೇನೆ. ಮೊದಲನೆಯ ಘಟನೆ ಟೆಲಿವಿಷನ್ನಿಗೇ ಸಂಬಂಧಿಸಿದ್ದು.

ಪರದೆಯ ಮೇಲೆ ಕಂಡ ಸಿಡುಬು

1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ಢಾಕಾದಲ್ಲಿ ದಮನ ಕಾರ್ಯಾಚರಣೆ ಆರಂಭಿಸಿತು. ಅಂದಿನಿಂದ ಪೂರ್ವ ಪಾಕಿಸ್ತಾನದ ಜನ ಭಾರತದತ್ತ ಹರಿದುಬಂದರು. ವರ್ಷದ ಕೊನೆಯ ವೇಳೆಗೆ ಅವರ ಸಂಖ್ಯೆ ಸುಮಾರು ಒಂದು ಕೋಟಿ. ಪಶ್ಚಿಮ ಬಂಗಾಳ, ತ್ರಿಪುರ, ಮೇಘಾಲಯ, ಅಸ್ಸಾಂಗಳಲ್ಲಿ ನೂರಾರು ಶಿಬಿರಗಳು ಎದ್ದವು. ಕಲ್ಕತ್ತೆಯ ಪೂರ್ವಕ್ಕೆ ಜೌಗು ನೆಲವನ್ನು ಮುಚ್ಚಿ ಹೊಸ ಬಡಾವಣೆಗೆ ಸಿದ್ಧಪಡಿಸುತ್ತಿದ್ದ ಸಾಲ್ಟ್ ಲೇಕ್ ಎಂಬಲ್ಲಿಯೂ ಒಂದು ಶಿಬಿರವಿತ್ತು. ಎರಡು ಲಕ್ಷಕ್ಕೂ ಹೆಚ್ಚು ಜನ ಅಲ್ಲಿದ್ದರು. ಗುಡಿಸಲು ಸಿಕ್ಕದವರು ಚರಂಡಿಗೆಂದು ತಂದಿರಿಸಿದ್ದ ಸಿಮೆಂಟ್ ಕೊಳವೆಗಳ ಒಳಗೆ ಸಂಸಾರ ಹೂಡಿದ್ದರು.

ಮೊದಲು ಬಂದದ್ದು ವಾಂತಿಭೇದಿ. ಗಡಿಯ ಸಮೀಪದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರ ಬಳಿ ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು. ಅವರು ಉಪ್ಪು, ಅಡಿಗೆ ಸೋಡ, ಗ್ಲೂಕೋಸ್ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಗೇ ಲೋಟ ಕೊಟ್ಟು ಕುಡಿಸಹೇಳಿದರು. ಅದನ್ನು 'ಬಾಯಿಯಿಂದ ಕೊಡುವ ಸಲೈನ್' ಎಂದು ಕರೆದರು. ಸಲೈನ್ ಎಂದರೆ ಜೀವ ಉಳಿಸುವ ಔಷಧ ಎಂಬುದು ಜನರಿಗೆ ಗೊತ್ತಿತ್ತಷ್ಟೆ. ನೂರಕ್ಕೆ ಮೂವತ್ತರಷ್ಟಿದ್ದ ಸಾವಿನ ಪ್ರಮಾಣ ನಾಲ್ಕಕ್ಕೂ ಕೆಳಗಿಳಿಯಿತು. ಇದು ಲಸಿಕೆಯ ಕಥೆಯಲ್ಲ. ಆದರೂ ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ: ಔಷಧಿ ತಾಯಿಯ ಕೈಯಲ್ಲಿತ್ತು, ಅದರ ಹೆಸರು ಆಕೆಗೆ ತಿಳಿದದ್ದಾಗಿತ್ತು. ಅಲ್ಲಿ ಯಾರನ್ನೂ ಒತ್ತಾಯಿಸಬೇಕಾಗಲಿಲ್ಲ.

ಎರಡನೆಯದು ಸಿಡುಬು. ಪೂರ್ವ ಪಾಕಿಸ್ತಾನದಲ್ಲಿ 1970ರ ಆಗಸ್ಟ್ ನಂತರ ಸಿಡುಬು ಕಂಡಿರಲಿಲ್ಲ. ಹಾಗಾಗಿ ಅಲ್ಲಿಂದ ಬಂದವರಲ್ಲಿ ಆ ರೋಗ ಇರಲಿಲ್ಲ. ಅವರಿಗೆ ಅದು ತಗಲಿದ್ದು ಭಾರತದಲ್ಲಿ. 1971ರ ಕೊನೆಯಲ್ಲಿ ಸಾಲ್ಟ್ ಲೇಕ್ ಶಿಬಿರದಲ್ಲಿ ಕೆಲವರ ಮೈಮೇಲೆ ಗುಳ್ಳೆಗಳೆದ್ದಾಗ ಅದನ್ನು ಸೀತಾಳೆ ಸಿಡುಬು ಎಂದು ತಿಳಿಯಲಾಯಿತು. 1972ರ ಜನವರಿಯಲ್ಲಿ, ಅಲ್ಲಿಂದ ಸಾವಿರಾರು ಮೈಲಿ ದೂರದಲ್ಲಿ, ಅಮೆರಿಕದ ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರಕ್ಕೆ ಸೇರಿದ ಸಿಡುಬು ತಜ್ಞರೊಬ್ಬರು ಟೆಲಿವಿಷನ್ ವಾರ್ತೆ ನೋಡುತ್ತಿದ್ದರು. ಕಲ್ಕತ್ತೆಯ ನಿರಾಶ್ರಿತರ ದೃಶ್ಯಗಳು ಬಂದವು. ಒಂದು ಮುಖವನ್ನು ಕಂಡೊಡನೆ ಅವರಿಗೆ ಗುರುತು ಹತ್ತಿತು: ಅದು ಸೀತಾಳೆಯಲ್ಲ, ಸಿಡುಬೇ. ಸುದ್ದಿ ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಗೆ ಹೋಗಿ, ಅಲ್ಲಿಂದ ಭಾರತಕ್ಕೆ ಬಂದಿತು.

ದೃಶ್ಯಮಾಧ್ಯಮದಲ್ಲಿ ದುಡಿಯುವವರಿಗೆ ಇದು ಹೆಮ್ಮೆಯ ಪ್ರಸಂಗವೆನಿಸಬಹುದು. ನನಗೆ ಅದಕ್ಕಿಂತ ಹೆಚ್ಚಾಗಿ ಕಾಡುವುದು ಇನ್ನೊಂದು. ಆ ಕ್ಯಾಮೆರಾದ ಮುಂದೆ, ಶಿಬಿರದ ಒಳಗೇ, ರೋಗಿ ಇದ್ದ. ಅವನನ್ನು ಪ್ರತಿದಿನ ಕಂಡವರಿದ್ದರು. ಆದರೂ ಗುರುತಿಸುವ ಕಣ್ಣು ಇದ್ದದ್ದು ಭೂಮಿಯ ಇನ್ನೊಂದು ಬದಿಯಲ್ಲಿ. ಇಲ್ಲಿ ಎಡವಿದ್ದು ನಿರಾಶ್ರಿತರಲ್ಲ; ಅವರನ್ನು ನೋಡಿಕೊಳ್ಳಬೇಕಾಗಿದ್ದ ವ್ಯವಸ್ಥೆ.

ಸುದ್ದಿ ತಲುಪುವ ಹೊತ್ತಿಗೆ ತಡವಾಗಿತ್ತು. 1971ರ ಡಿಸೆಂಬರ್ 16ರಂದು ಬಾಂಗ್ಲಾದೇಶ ಸ್ವತಂತ್ರವಾಗಿತ್ತು. ಜನ ಬಸ್ಸು, ಲಾರಿ, ರೈಲು ಹಿಡಿದು, ಎಷ್ಟೋ ಮಂದಿ ಕಾಲ್ನಡಿಗೆಯಲ್ಲಿಯೇ, ತಮ್ಮ ಊರುಗಳಿಗೆ ಹೊರಟಿದ್ದರು. ಸಿಡುಬು ಅವರೊಡನೆ ಹೊರಟಿತು.

ಬಾಗಿಲು ಒಡೆದು ಚುಚ್ಚಿದ ಲಸಿಕೆ

ಮುಂದಿನ ಮೂರು ವರ್ಷಗಳು ಬಾಂಗ್ಲಾದೇಶಕ್ಕೆ ಕಠಿಣವಾದವು. 1973ರಲ್ಲಿ ಅಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಸಿಡುಬಿನ ಪ್ರಕರಣಗಳು ದಾಖಲಾದವು. 1974ರಲ್ಲಿ ನೆರೆ, ಅದರ ಬೆನ್ನಿಗೆ ಕ್ಷಾಮ. ಹಸಿದ ಜನ ಮತ್ತೆ ಊರು ಬಿಟ್ಟು ನಗರಗಳಿಗೆ ನಡೆದರು. 1975ರ ಆರಂಭದಲ್ಲಿ ಢಾಕಾದ ಕೊಳಗೇರಿಗಳನ್ನು ನೆಲಸಮ ಮಾಡಲಾಯಿತು. ಅಲ್ಲಿದ್ದವರು ದೇಶದ ನಾನಾ ಮೂಲೆಗಳಿಗೆ ಚದುರಿಹೋದರು; ಸಿಡುಬೂ ಚದುರಿತು. ನೆಲೆ ತಪ್ಪಿದ ಮನುಷ್ಯನ ಹಿಂದೆಯೇ ಆ ರೋಗ ನಡೆಯಿತು ಎನ್ನಬಹುದು. ಭಾರತದಲ್ಲಿ ದಾಖಲಾದ ಕೊನೆಯ ಪ್ರಕರಣವೂ ಅಂಥದ್ದೇ. 1975ರ ಮೇ 24ರಂದು ಅಸ್ಸಾಮಿನ ಕರೀಂಗಂಜ್ ರೈಲು ನಿಲ್ದಾಣದಲ್ಲಿ ಮೈಯೆಲ್ಲ ಗುಳ್ಳೆಯೆದ್ದು ಕಂಡುಬಂದ ಹೆಂಗಸು ಸಿಲ್ಹೆಟ್ ಕಡೆಯಿಂದ ಬಂದು ಅಲ್ಲಿ ಭಿಕ್ಷೆ ಬೇಡಿಕೊಂಡಿದ್ದವಳು.

ರೋಗ ನಿವಾರಣೆಯ ಕಡೆಯ ಹಂತದಲ್ಲಿ ಅನುಸರಿಸಿದ ವಿಧಾನ ಸರಳವಾದದ್ದು. ಎಲ್ಲರಿಗೂ ಲಸಿಕೆ ಹಾಕುತ್ತ ಕೂರುವ ಬದಲು ರೋಗಿಯನ್ನು ಹುಡುಕುವುದು, ಪ್ರತ್ಯೇಕಿಸುವುದು, ಅವನ ಸುತ್ತಲಿನ ಮನೆಗಳವರಿಗೆಲ್ಲ ಲಸಿಕೆ ಹಾಕಿ ರೋಗಕ್ಕೆ ಬೇಲಿ ಕಟ್ಟುವುದು. ಉಪಕರಣವೆಂದರೆ ಎರಡು ಮೊನೆಯ ಒಂದು ಪುಟ್ಟ ಸೂಜಿ. ಈ ವಿಧಾನ ಗೆದ್ದಿತು. 1975ರ ಅಕ್ಟೋಬರ್‌ನಲ್ಲಿ ಬಾಂಗ್ಲಾದೇಶದ ಭೋಲಾ ದ್ವೀಪದಲ್ಲಿ ಮೂರು ವರ್ಷದ ಹೆಣ್ಣುಮಗುವೊಂದರಲ್ಲಿ ಕಂಡದ್ದೇ ಸಿಡುಬಿನ ಘೋರ ರೂಪದ ಕೊನೆಯ ಪ್ರಕರಣ. ಅದನ್ನು ತಿಳಿಸಿದವಳು ಎಂಟು ವರ್ಷದ ಇನ್ನೊಬ್ಬ ಹುಡುಗಿ. ಅವಳಿಗೆ 250 ಟಾಕಾ ಬಹುಮಾನ ಸಿಕ್ಕಿತು.

ಈ ಗೆಲುವು ಮನುಕುಲದ ದೊಡ್ಡ ಗೆಲುವುಗಳಲ್ಲಿ ಒಂದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ಇನ್ನೊಂದು ಮುಖವೂ ಉಂಟು. ಲಸಿಕೆ ಬೇಡವೆಂದವರ ಮನೆಯ ಬಾಗಿಲನ್ನು ರಾತ್ರಿ ವೇಳೆ ಒಡೆದು, ಓಡಿದವರನ್ನು ಅಟ್ಟಿ ಹಿಡಿದು ಸೂಜಿ ಚುಚ್ಚಿದ ಸಂಗತಿಗಳನ್ನು ಆ ಕೆಲಸದಲ್ಲಿದ್ದ ವೈದ್ಯರೇ ನೆನಪಿಸಿಕೊಂಡಿದ್ದಾರೆ. ಅಮೆರಿಕದ ಇತಿಹಾಸಕಾರ ಪಾಲ್ ಗ್ರೀನೋ 1995ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಭಾರತ ಮತ್ತು ಬಾಂಗ್ಲಾದೇಶಗಳ ಇಂಥ ಪ್ರಸಂಗಗಳನ್ನು ವಿವರವಾಗಿ ಪರಿಶೀಲಿಸಿದರು. ಅವರ ತೀರ್ಮಾನದ ಸಾರಾಂಶ ಇಷ್ಟು: ಬಲಾತ್ಕಾರದಿಂದ ಇಂದಿನ ಲಸಿಕೆ ಹಾಕಿ ಮುಗಿಸಬಹುದು, ಆದರೆ ಅದು ಉಳಿಸಿಹೋಗುವ ಕಹಿಯನ್ನು ಮುಂದಿನ ಲಸಿಕೆ ಉಣ್ಣಬೇಕಾಗುತ್ತದೆ.

ವಿರೋಧಿಸಿದವರಲ್ಲಿ ದೇವಿಯ ಭಯದಿಂದ ವಿರೋಧಿಸಿದವರಿದ್ದರು, ನಿಜ. ನಮ್ಮಲ್ಲಿ ಸಿಡುಬಿಗೆ 'ಅಮ್ಮ' ಎಂದಂತೆ ಬಂಗಾಳದಲ್ಲಿ ಅವಳು ಶೀತಲಾದೇವಿ. ಆದರೆ ನಂಬಿಕೆಗೂ ಸೂಜಿಗೂ ಹುಟ್ಟಿನಿಂದಲೇ ವೈರ ಎನ್ನುವಂತಿಲ್ಲ. ಜೆನ್ನರನ ಲಸಿಕೆ ಬರುವುದಕ್ಕೆ ಮೊದಲೇ ಬಂಗಾಳದ ಟೀಕಾದಾರರು ಶೀತಲೆಯ ಪೂಜೆಯೊಡನೆಯೇ ಸಿಡುಬಿನ ಪೊರೆಯಿಂದ ತೋಳಿಗೆ ಚುಚ್ಚುತ್ತಿದ್ದರು. ಮನೆಮಂದಿಗೆ ಪರಿಚಿತನಾದವನೊಬ್ಬ, ಗೊತ್ತಾದ ಋತುವಿನಲ್ಲಿ ಬಂದು, ಚುಚ್ಚಿದ ಮೇಲೆಯೂ ವಿಚಾರಿಸಿಕೊಂಡು ಹೋಗುತ್ತಿದ್ದ. ಅವನ ಪದ್ಧತಿಯಲ್ಲಿ ಅಪಾಯವಿತ್ತು, ರೋಗ ಹಬ್ಬುವ ಸಾಧ್ಯತೆಯೂ ಇತ್ತು. 1865ರಲ್ಲಿ ಕಲ್ಕತ್ತೆಯಲ್ಲಿ ಅದನ್ನು ಕಾನೂನಿನಿಂದ ನಿಷೇಧಿಸಿದ್ದಕ್ಕೆ ವೈಜ್ಞಾನಿಕ ಕಾರಣವಿತ್ತು. ಆದರೆ ಸುರಕ್ಷಿತವಾದ ಹೊಸ ಸೂಜಿ ಬಂದದ್ದು ಅಪರಿಚಿತ ಕೈಯಲ್ಲಿ, ಸರಕಾರದ ರಿಜಿಸ್ಟರಿನೊಡನೆ. ನಮ್ಮ ವಿಷಯದ ತಿರುಳು ಇಲ್ಲಿಯೇ ಇದೆಯೆಂದು ನನ್ನ ಭಾವನೆ.

ಪಟ್ಟಿ ಎಲ್ಲಿಗೆ ಹೋಗುತ್ತದೆ?

ನೆಲೆಯುಳ್ಳವನಿಗೆ ಲಸಿಕೆಯ ಪಟ್ಟಿಯೆಂದರೆ ಒಂದು ಕಾಗದ. ನೆಲೆ ತಪ್ಪಿದವನಿಗೆ ಅದು ಹಾಗಲ್ಲ. ಹೆಸರು, ತಂದೆಯ ಹೆಸರು, ಬಂದ ಊರು, ಇರುವ ಜಾಗ ಇವನ್ನೆಲ್ಲ ಬರೆದುಕೊಳ್ಳುವ ಕೈ ನಾಳೆ ಅದನ್ನು ಯಾರಿಗೆ ಕೊಡುತ್ತದೆ ಎಂಬುದು ಅವನ ಮೊದಲ ಪ್ರಶ್ನೆ. ಇದನ್ನು ಬರಿಯ ಭ್ರಮೆ ಎಂದು ತಳ್ಳಿಹಾಕುವಂತಿಲ್ಲ. ಎರಡು ಪ್ರಸಂಗಗಳನ್ನು ನೋಡಿ.

2011ರಲ್ಲಿ ಒಸಾಮ ಬಿನ್ ಲಾಡೆನ್‌ನ ಅಡಗುದಾಣವನ್ನು ಖಚಿತಪಡಿಸಿಕೊಳ್ಳಲು ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿ.ಐ.ಎ. ಪಾಕಿಸ್ತಾನದ ಅಬ್ಬೊಟಾಬಾದ್‌ನಲ್ಲಿ ಹೆಪಟೈಟಿಸ್-ಬಿ ಲಸಿಕೆಯ ಅಭಿಯಾನದ ಸೋಗು ಹಾಕಿಸಿತು. ಸಂಗತಿ ಬಯಲಾದ ಮೇಲೆ ಗಡಿಸೀಮೆಯ ಪಠಾಣರಲ್ಲಿ ಪೋಲಿಯೊ ಹನಿಯ ಬಗೆಗಿದ್ದ ಅನುಮಾನ ಇಮ್ಮಡಿಸಿತು. 2012ರಲ್ಲಿ ವಜೀರಿಸ್ತಾನದ ತಾಲಿಬಾನ್ ಮುಖಂಡರು ಹನಿ ಹಾಕುವುದನ್ನೇ ನಿಷೇಧಿಸಿದರು. ಹನಿ ಹಾಕುವ ಹೆಣ್ಣುಮಕ್ಕಳು ಗುಂಡಿಗೆ ಬಲಿಯಾದರು. 2014ರಲ್ಲಿ ಪಾಕಿಸ್ತಾನದಲ್ಲಿ 306 ಪೋಲಿಯೊ ಪ್ರಕರಣಗಳು ದಾಖಲಾದವು. ಇನ್ನು ಮುಂದೆ ಲಸಿಕೆಯ ಕೆಲಸವನ್ನು ಬೇಹುಗಾರಿಕೆಗೆ ಬಳಸುವುದಿಲ್ಲವೆಂದು ಅಮೆರಿಕ ಅದೇ ವರ್ಷ ಮಾತು ಕೊಟ್ಟಿತು. ವಿಶೇಷವೆಂದರೆ, ಆ ವರ್ಷದ ಜೂನ್‌ನಲ್ಲಿ ಸೇನಾ ಕಾರ್ಯಾಚರಣೆಯಿಂದಾಗಿ ಉತ್ತರ ವಜೀರಿಸ್ತಾನದ ಲಕ್ಷಾಂತರ ಜನ ಬನ್ನೂ ಕಡೆಗೆ ಹೊರಟುಬಂದಾಗ, ಎರಡು ವರ್ಷ ಹನಿಯನ್ನೇ ಕಾಣದಿದ್ದ ಮಕ್ಕಳಿಗೆ ದಾರಿಯ ತಪಾಸಣಾ ಠಾಣೆಗಳಲ್ಲಿ ಅದು ಸಿಕ್ಕಿತು. ಬೇಡವೆಂದಿದ್ದವರು ತಾಯಂದಿರಲ್ಲ, ಅವರ ಮೇಲೆ ಬಂದೂಕು ಹಿಡಿದು ನಿಂತವರು ಎಂಬುದು ಬಹುಮಟ್ಟಿಗೆ ಆಗ ತಿಳಿಯಿತು.

ಇನ್ನೊಂದು ಪ್ರಸಂಗ ಬ್ರಿಟನ್ನಿನದು. ವಲಸೆ ನಿಯಮ ಮೀರಿದ್ದಾರೆಂದು ಶಂಕಿಸಲಾದವರ ವಿಳಾಸ ಮುಂತಾದ ವಿವರಗಳನ್ನು ಆರೋಗ್ಯ ಇಲಾಖೆಯ ದಾಖಲೆಗಳಿಂದ ಗೃಹ ಇಲಾಖೆಗೆ ಒದಗಿಸುವ ಒಪ್ಪಂದವೊಂದು ಅಲ್ಲಿ 2017ರಲ್ಲಿ ಜಾರಿಗೆ ಬಂದಿತ್ತು. ವೈದ್ಯರು ಮತ್ತು ಸಂಸತ್ತಿನ ಆರೋಗ್ಯ ಸಮಿತಿಯ ಆಕ್ಷೇಪದಿಂದ 2018ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಕೋವಿಡ್ ಲಸಿಕೆ ಬಂದಾಗ, 2021ರ ಫೆಬ್ರವರಿಯಲ್ಲಿ, ಲಸಿಕೆಗೆ ಬಂದವರ ವಲಸೆ ಕಾಗದಪತ್ರ ಪರಿಶೀಲಿಸುವುದಿಲ್ಲವೆಂದು ಸರಕಾರ ಸಾರಿ ಹೇಳಿತು. ಹಾಗೆ ಸಾರಬೇಕಾಗಿ ಬಂದದ್ದೇ ಭಯಕ್ಕೆ ಆಧಾರವಿತ್ತು ಎಂಬುದಕ್ಕೆ ಸಾಕ್ಷಿ.

ಕುತುಪಾಲಾಂಗ್ ಗುಡ್ಡಗಳಲ್ಲಿ

ಈಗ ಮತ್ತೆ ಬಂಗಾಳ ಕೊಲ್ಲಿಯ ದಡಕ್ಕೆ ಬರೋಣ. 1971ರಲ್ಲಿ ತನ್ನ ಜನರನ್ನು ನಿರಾಶ್ರಿತರಾಗಿ ಕಳುಹಿಸಿದ್ದ ಬಾಂಗ್ಲಾದೇಶವೇ ಮುಂದೆ ನಿರಾಶ್ರಿತರಿಗೆ ನೆಲೆ ಕೊಡಬೇಕಾಯಿತು. ಬರ್ಮಾದ ರಖೈನ್ ಪ್ರಾಂತದ ರೋಹಿಂಗ್ಯಾ ಮುಸಲ್ಮಾನರು 1978ರಲ್ಲಿ ಸುಮಾರು ಎರಡು ಲಕ್ಷ, 1991–92ರಲ್ಲಿ ಸುಮಾರು ಎರಡೂವರೆ ಲಕ್ಷ ಮಂದಿ ಬಂದರು. 1978–79ರ ಶಿಬಿರಗಳಲ್ಲಿ ಪಡಿತರ ಸಾಲದೆ ಸುಮಾರು 10,000 ಮಂದಿ ಸತ್ತರು, ಬಹುಪಾಲು ಮಕ್ಕಳು. ಹಸಿವಾದರೆ ತಾವಾಗಿ ಹಿಂದಿರುಗುತ್ತಾರೆಂಬ ಲೆಕ್ಕಾಚಾರ ಅದರ ಹಿಂದಿತ್ತೆಂದು ಅಂದು ಅಲ್ಲಿದ್ದ ವಿಶ್ವಸಂಸ್ಥೆಯ ಅಧಿಕಾರಿಯೇ ಬರೆದಿಟ್ಟಿದ್ದಾರೆ. 1982ರಲ್ಲಿ ಬರ್ಮಾದ ಹೊಸ ಪೌರತ್ವ ಕಾನೂನು ಅವರನ್ನು ನಾಗರಿಕರ ಪಟ್ಟಿಯಿಂದ ಹೊರಗಿಟ್ಟಿತು. ಮೌಂಗ್ಡಾ, ಬುತಿಡಾಂಗ್ ಕಡೆ ಮದುವೆಗೆ ಅಪ್ಪಣೆ ಬೇಕು, ಎರಡೇ ಮಕ್ಕಳಿರಬೇಕು, ಹಳ್ಳಿಯಿಂದ ಆಸ್ಪತ್ರೆಗೆ ಹೋಗುವುದಕ್ಕೂ ಪರವಾನಗಿ ಬೇಕು ಎಂಬ ಕಟ್ಟಳೆಗಳಿದ್ದವು. ಅವರ ಅನುಭವದಲ್ಲಿ ಪಟ್ಟಿ ಎಂದರೆ ಏನನ್ನಾದರೂ ಕಿತ್ತುಕೊಳ್ಳುವುದಕ್ಕೆ ಪೀಠಿಕೆ.

2017ರ ಆಗಸ್ಟ್ 25ರ ನಂತರ ಕೆಲವೇ ತಿಂಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿ ಕಾಕ್ಸ್ ಬಜಾರ್ ಜಿಲ್ಲೆಗೆ ಬಂದರು. ಕುತುಪಾಲಾಂಗ್ ಜಗತ್ತಿನ ಅತಿ ದೊಡ್ಡ ನಿರಾಶ್ರಿತರ ಶಿಬಿರವಾಯಿತು. ಅವರಲ್ಲಿ ಬಹಳ ಮಂದಿ ಮಕ್ಕಳಿಗೆ ಹಿಂದೆ ಯಾವ ಲಸಿಕೆಯೂ ಸಿಕ್ಕಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ದಡಾರದ ಲಸಿಕೆ ಹಾಕಲಾಯಿತು. ಅಕ್ಟೋಬರ್‌ನಲ್ಲಿ ಕಾಲರಾ ಲಸಿಕೆಯನ್ನು ಸುಮಾರು ಏಳು ಲಕ್ಷ ಜನ ಬಾಯಿಯಲ್ಲಿ ತೆಗೆದುಕೊಂಡರು. ಇದನ್ನು ಗಮನಿಸಬೇಕು. ಲಸಿಕೆ ಎಂದೊಡನೆ ಓಡಿಹೋಗುವ ಜನ ಅವರಾಗಿರಲಿಲ್ಲ.

ನವೆಂಬರ್‌ನಲ್ಲಿ ಗಂಟಲಮಾರಿ, ಅಂದರೆ ಡಿಫ್ತೀರಿಯ, ಕಾಣಿಸಿಕೊಂಡಿತು. ಸಾವಿರಾರು ಮಂದಿಗೆ ರೋಗ ತಗಲಿತು. ನಲವತ್ತಕ್ಕೂ ಹೆಚ್ಚು ಮಂದಿ ಸತ್ತರು. ಡಿಸೆಂಬರ್‌ನಿಂದ ಮಕ್ಕಳಿಗೆ ಸುತ್ತು ಸುತ್ತಾಗಿ ಚುಚ್ಚುಮದ್ದು ಹಾಕುವ ಕಾರ್ಯ ನಡೆಯಿತು. ಹಿಂಜರಿಕೆ ಎದ್ದುಕಂಡದ್ದು ಆಗ. 2018ರ ಜನವರಿಯಲ್ಲಿ ತಜ್ಞರ ತಂಡವೊಂದು ಅವರೊಡನೆ ಕುಳಿತು ಕಾರಣಗಳನ್ನು ಕೇಳಿತು. ಲಸಿಕೆ ಹಾಕಿ ತಮ್ಮನ್ನು ಕ್ರೈಸ್ತರನ್ನಾಗಿ ಮಾಡುತ್ತಾರೆಂಬ ಗಾಳಿಮಾತು ಹಬ್ಬಿತ್ತು. ಒಂದೇ ಸಲಕ್ಕೆ ಎರಡು ಮೂರು ಚುಚ್ಚುಮದ್ದು ಏಕೆ ಎಂಬ ಅನುಮಾನವಿತ್ತು. ವಯಸ್ಸಿಗೆ ಬಂದ ಹೆಣ್ಣುಮಕ್ಕಳು ಹೊರಗೆ ಸಾಲಿನಲ್ಲಿ ನಿಂತು ಗಂಡಸಿನ ಕೈಗೆ ತೋಳು ಕೊಡಲು ಸಂಕೋಚಪಡುತ್ತಿದ್ದರು.

ಮೊದಲನೆಯದನ್ನು ಮೂಢನಂಬಿಕೆ ಎನ್ನೋಣ. ಉಳಿದವು? ಚುಚ್ಚುಮದ್ದಿನ ಮರುದಿನ ಮಗುವಿಗೆ ಜ್ವರ ಬಂದರೆ ಬೆಂಗಳೂರಿನ ತಾಯಿಯೂ ಗಾಬರಿಯಾಗುತ್ತಾಳೆ. ಅವಳಿಗೆ ಕೇಳಲು ಒಬ್ಬ ಡಾಕ್ಟರಿದ್ದಾರೆ, ಅಷ್ಟೇ ವ್ಯತ್ಯಾಸ. ಆ ಮೊದಲನೆಯ ಗಾಳಿಮಾತನ್ನು ಕೂಡ ಅದು ಹುಟ್ಟಿದ ಜಾಗದಲ್ಲಿಟ್ಟು ನೋಡಬೇಕು. ಧರ್ಮದ ಕಾರಣಕ್ಕೇ ಊರು ಸುಟ್ಟುಹೋದವರಿಗೆ, ಅರಿಯದ ಭಾಷೆಯಲ್ಲಿ ಮಾತಾಡುವ ಪರದೇಶದವರು ಸೂಜಿ ಹಿಡಿದು ಬಂದರೆ ಬೇರೆ ಯಾವ ಸಂಶಯ ಹುಟ್ಟೀತು?

ಭಾಷೆಯ ಮಾತೂ ಮುಖ್ಯವಾದದ್ದು. ಚಿತ್ತಗಾಂಗ್ ಸೀಮೆಯ ಆಡುನುಡಿಗೂ ರೋಹಿಂಗ್ಯಾ ನುಡಿಗೂ ನಂಟಿದೆಯೆಂದು ಧ್ವನಿವರ್ಧಕದ ಪ್ರಕಟಣೆಗಳು ಆ ನುಡಿಯಲ್ಲಿ ಹೊರಟಿದ್ದವು. ಟ್ರಾನ್ಸ್‌ಲೇಟರ್ಸ್ ವಿದೌಟ್ ಬಾರ್ಡರ್ಸ್ ಎಂಬ ಸಂಸ್ಥೆ 2017ರಲ್ಲಿ ವಿಚಾರಿಸಿದಾಗ ಮೂರರಲ್ಲಿ ಒಂದು ಪಾಲಿನಷ್ಟು ಮಂದಿಗೆ ಸರಳ ವಾಕ್ಯವೂ ಅರ್ಥವಾಗುತ್ತಿರಲಿಲ್ಲ ಎಂಬುದು ಹೊರಬಂದಿತು. ನಾವು ಹೇಳಿದೆವು, ಅವರು ಕೇಳಲಿಲ್ಲ ಎಂದು ದೂರುವ ಮೊದಲು, ನಾವು ಹೇಳಿದ್ದು ಅವರಿಗೆ ಕೇಳಿಸಿತೆ ಎಂದು ನೋಡುವ ಕ್ರಮ ಪ್ರಸಾರ ಮಾಧ್ಯಮದವರೂ ಕಲಿಯಬೇಕಾದದ್ದು.

ಬದಲಾವಣೆ ತಂದದ್ದು ದೊಡ್ಡ ಉಪಾಯಗಳಲ್ಲ. ರೋಹಿಂಗ್ಯಾಗಳಲ್ಲಿಯೇ ಸ್ವಯಂಸೇವಕರನ್ನು, ಅದರಲ್ಲೂ ಹೆಂಗಸರನ್ನು ಆರಿಸಿ ತರಬೇತಿ ಕೊಟ್ಟು ಗುಡಿಸಲಿನಿಂದ ಗುಡಿಸಲಿಗೆ ಕಳುಹಿಸಿದರು. ಮಸೀದಿಯ ಇಮಾಮರನ್ನು, ಶಿಬಿರದ ಮುಖಂಡರಾದ ಮಾಝಿಗಳನ್ನು ಮೊದಲು ಒಪ್ಪಿಸಿದರು. 2018ರ ಕೊನೆಯಲ್ಲಿ ಗುರುತಿನ ಚೀಟಿ ಕೊಡುವ ನೋಂದಣಿಗೆ ನಿರಾಶ್ರಿತರು ಮುಷ್ಕರ ಹೂಡಿದ್ದನ್ನು ಇದರೊಡನೆ ಹೋಲಿಸಿ ನೋಡಬೇಕು. ಆ ಚೀಟಿಯಲ್ಲಿ ರೋಹಿಂಗ್ಯಾ ಎಂಬ ಹೆಸರಿರಲಿಲ್ಲ. ಅದು ತಮ್ಮನ್ನು ಹಿಂದಕ್ಕೆ ಕಳುಹಿಸುವ ಸಾಧನವಾದೀತೆಂಬ ಭಯವಿತ್ತು. ಸೂಜಿಗೆ ತೋಳು ಕೊಟ್ಟ ಜನ ಪಟ್ಟಿಗೆ ಹೆಸರು ಕೊಡಲು ಹಿಂದೆ ಸರಿದಿದ್ದರು.

ಕೋವಿಡ್ ಬಂದಾಗ ಕಲಿತ ಪಾಠ ಅರ್ಧ ಮರೆತಂತಾಯಿತು. 2019ರ ಸೆಪ್ಟೆಂಬರ್‌ನಿಂದ ಸುಮಾರು ಒಂದು ವರ್ಷ ಶಿಬಿರಗಳಲ್ಲಿ ಮೊಬೈಲ್ ಅಂತರ್ಜಾಲವನ್ನು ತಡೆಹಿಡಿಯಲಾಗಿತ್ತು. ಸುದ್ದಿ ಇಲ್ಲದ ಕಡೆ ಗಾಳಿಸುದ್ದಿ ಬೆಳೆಯಿತು: ಸೋಂಕು ತಗಲಿದವರನ್ನು ಕೊಂದುಬಿಡುತ್ತಾರಂತೆ ಎಂಬ ಮಾತು ಹಬ್ಬಿ ಜನ ಜ್ವರವನ್ನು ಮುಚ್ಚಿಟ್ಟರು. ಮತ್ತೆ ಅದೇ ಸ್ವಯಂಸೇವಕರು, ಅದೇ ಇಮಾಮರು ಬೇಕಾದರು. 2021ರ ಆಗಸ್ಟ್ 10ರಂದು 55 ವರ್ಷ ದಾಟಿದವರಿಂದ ಲಸಿಕೆ ಆರಂಭವಾಯಿತು. ಹಿರಿಯರು ಮುಂದೆ ಬಂದ ಮೇಲೆ ಕಿರಿಯರ ದಾರಿ ಸುಗಮವಾಯಿತು.

ನಮ್ಮ ನೆಲದಲ್ಲಿ

ಕರ್ನಾಟಕಕ್ಕೂ ನಿರಾಶ್ರಿತರ ಪರಿಚಯ ಹೊಸದಲ್ಲ. 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಟಿಬೆಟನ್ನರು ನೆಲೆ ನಿಂತರು. ಅವರಿಗೆ ನೆಲ ದೊರೆಯಿತು. ತಮ್ಮ ನುಡಿಯ ಶಾಲೆ, ತಮ್ಮವರೇ ಇರುವ ಆಸ್ಪತ್ರೆ, ಸರಕಾರದ ನೋಂದಣಿ ಪತ್ರ ದೊರೆತವು. 2021ರ ಮಾರ್ಚ್ 6ರಂದು ದಲೈ ಲಾಮಾ ಅವರು ಧರ್ಮಶಾಲೆಯ ಸರಕಾರಿ ಆಸ್ಪತ್ರೆಗೆ ತಾವೇ ಹೋಗಿ ಕೋವಿಡ್ ಲಸಿಕೆ ಹಾಕಿಸಿಕೊಂಡು, ಎಲ್ಲರೂ ಧೈರ್ಯವಾಗಿ ಹಾಕಿಸಿಕೊಳ್ಳಿರೆಂದು ಕ್ಯಾಮೆರಾದ ಮುಂದೆ ಹೇಳಿದರು. ನಂಬಿದವರ ಬಾಯಿಂದ ಬಂದ ಒಂದು ಮಾತು ನಮ್ಮ ನೂರು ಜಾಹೀರಾತುಗಳಿಗೆ ಸಮ.

ಆದರೆ ಕಾಗದ ಇಲ್ಲದವರೂ ನಮ್ಮ ನಗರಗಳಲ್ಲಿದ್ದಾರೆ. ಭಾರತದಲ್ಲಿ ಕೋವಿಡ್ ಲಸಿಕೆ ಆರಂಭವಾದದ್ದು 2021ರ ಜನವರಿ 16ರಂದು. ನಿಗದಿಪಡಿಸಿದ ಗುರುತಿನ ಚೀಟಿ ಇಲ್ಲದವರಿಗೂ ಲಸಿಕೆ ಕೊಡುವ ಕ್ರಮವನ್ನು ಕೇಂದ್ರ ಆರೋಗ್ಯ ಸಚಿವಾಲಯ ತಿಳಿಸಿದ್ದು ಮೇ 6ರಂದು. ನಡುವಿನ ಮೂರೂವರೆ ತಿಂಗಳಲ್ಲಿ ಸಾಲಿಗೆ ಬಾರದವರನ್ನು ಹಿಂಜರಿದವರೆಂದು ಕರೆಯೋಣವೆ? ಸಾಲಿನಲ್ಲಿ ಅವರಿಗೆ ಜಾಗವೇ ಇರಲಿಲ್ಲ.

ರೋಗಕ್ಕೆ ಪೌರತ್ವವಿಲ್ಲ ಎಂಬುದನ್ನು ಸಾಲ್ಟ್ ಲೇಕ್ 1972ರಲ್ಲಿಯೇ ತೋರಿಸಿಕೊಟ್ಟಿತು. ಶಿಬಿರದಲ್ಲಿ ತಪ್ಪಿದ ಒಂದು ಲಸಿಕೆಗೆ ಒಂದು ದೇಶ ಮೂರು ವರ್ಷ ಬೆಲೆ ತೆತ್ತಿತು. ಆದ್ದರಿಂದ ನಿರಾಶ್ರಿತರಿಗೆ ಲಸಿಕೆ ಹಾಕುವುದು ಅವರಿಗೆ ಮಾಡುವ ಉಪಕಾರ ಮಾತ್ರವಲ್ಲ, ನಮ್ಮನ್ನು ನಾವು ಕಾಪಾಡಿಕೊಳ್ಳುವ ದಾರಿಯೂ ಹೌದು. ಅದಕ್ಕೆ ಬೇಕಾದದ್ದು ಮೂರು: ಅವರ ನುಡಿಯಲ್ಲಿ ಮಾತಾಡುವ ಅವರ ಕಡೆಯವರೇ ಆದ ಒಬ್ಬರು, ಮರುದಿನ ಮಗುವಿಗೆ ಜ್ವರ ಬಂದರೆ ವಿಚಾರಿಸಲು ಮತ್ತೆ ಬರುವ ಒಂದು ಮುಖ, ಬರೆದುಕೊಂಡ ಹೆಸರು ಆರೋಗ್ಯ ಕೇಂದ್ರದ ಹೊಸಿಲು ದಾಟುವುದಿಲ್ಲವೆಂಬ ಭರವಸೆ, ಮತ್ತು ಆ ಭರವಸೆಯನ್ನು ಉಳಿಸಿಕೊಳ್ಳುವುದು.

ಮುಂದಿನ ಸಲ ಸಂವಾದದಲ್ಲಿ ಆ ಪ್ರಶ್ನೆ ಬಂದಾಗ ಅಜ್ಞಾನ, ಮೂಢನಂಬಿಕೆ ಎಂಬ ಎರಡು ಪದಗಳನ್ನು ಬರೆಯುವ ಮೊದಲು ನಾನು ಒಂದು ಗಳಿಗೆ ತಡೆಯುತ್ತೇನೆ. ಬಾಗಿಲು ಮುಚ್ಚಿದ ಮನೆಯನ್ನು ಕಂಡರೆ, ಒಳಗಿದ್ದವರು ಹಿಂದೆ ಯಾರಿಗೆ ಬಾಗಿಲು ತೆರೆದು ಏನನ್ನು ಕಳೆದುಕೊಂಡಿದ್ದರು ಎಂಬುದನ್ನು ಮೊದಲು ಕೇಳಬೇಕು.